ಹಳೆಯ ಅಂಬಾಸಡರ್‌ನ ಹೆಡ್‌ಲೈಟಿಗೆ ರಿಲೇ: ಬೆಳಕು ಸೋರುತ್ತಿರುವುದು ಎಲ್ಲಿ?

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1977ರ ಮಾರ್ಕ್ 3 ಅಂಬಾಸಡರ್ ಇಂದಿಗೂ ಮನೆಯ ಓಡಾಟಕ್ಕಿದೆ. ಎಂಜಿನ್ ಚೆನ್ನಾಗಿದೆ, ಡೈನಮೋ ಹಳೆಯದೇ. ತೊಂದರೆ ಇರುವುದು ಹೆಡ್‌ಲೈಟಿನದು. ಬೆಳಕು ಮಂಕು, ಹಳದಿ ಎಂದು ಎರಡು ವರ್ಷದ ಹಿಂದೆ ಏಳು ಇಂಚಿನ ಹೊಸ ರಿಫ್ಲೆಕ್ಟರ್ ಮತ್ತು 100/90 ವ್ಯಾಟಿನ ಹ್ಯಾಲೊಜೆನ್ ಬಲ್ಬ್ ಹಾಕಿಸಿದೆ. ಕೆಲವು ದಿನ ಪರವಾಗಿಲ್ಲ ಎನ್ನಿಸಿತು, ಈಗ ಮತ್ತೆ ಮೊದಲಿನಂತೆಯೇ ಆಗಿದೆ. ಅರ್ಧ ಗಂಟೆ ಓಡಿಸಿದರೆ ಡ್ಯಾಶ್‌ಬೋರ್ಡಿನ ಲೈಟ್ ಸ್ವಿಚ್ಚು ಮುಟ್ಟಲಾಗದಷ್ಟು ಕಾಯುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಕಳೆದ ಮಳೆಗಾಲದಲ್ಲಿ ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯ ತಿರುವೊಂದರಲ್ಲಿ ಕಾಲಿನ ಡಿಪ್ಪರ್ (ದೂರದ ಬೆಳಕು, ಹತ್ತಿರದ ಬೆಳಕು ಬದಲಿಸುವ ಸ್ವಿಚ್ಚು) ಒತ್ತಿದೊಡನೆ ಎರಡೂ ದೀಪಗಳು ಆರಿಹೋದವು. ಮೂರ್ನಾಲ್ಕು ಸಲ ಒತ್ತಿದ ಮೇಲೆ ಬಂದವು. ಅಮ್ಮ ಜೊತೆಯಲ್ಲಿದ್ದರು, ಆ ದಿನದ ಭಯ ಇನ್ನೂ ಹೋಗಿಲ್ಲ. ಒಬ್ಬ ಮೆಕ್ಯಾನಿಕ್ ರಿಲೇ ಹಾಕಿದರೆ ಬೆಳಕು ದುಪ್ಪಟ್ಟಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ರಿಲೇ ಬ್ಯಾಟರಿಯನ್ನು ತಿನ್ನುತ್ತದೆ, ಮೂಲ ವೈರಿಂಗೂ ಕೆಡುತ್ತದೆ ಎನ್ನುತ್ತಾರೆ. ಮಗ ಎಲ್‌ಇಡಿ ಹಾಕಿಸಿ ಎನ್ನುತ್ತಾನೆ. ನನಗೆ ದಾರಿ ಸರಿಯಾಗಿ ಕಾಣುವುದಿಲ್ಲ, ಎದುರಿನವರು ಮಾತ್ರ ಕಣ್ಣು ಕುಕ್ಕುತ್ತದೆಂದು ಬೈಯುತ್ತಾರೆ. ಏನು ಮಾಡಲಿ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಹೆಣೆದುಕೊಂಡಿವೆ. ಬೆಳಕು ಸಾಲದು ಎಂಬುದು ಒಂದು, ಬೆಳಕು ಇದ್ದಕ್ಕಿದ್ದಂತೆ ಹೋಗಿಬಿಡಬಹುದು ಎಂಬುದು ಇನ್ನೊಂದು. ಮೂವತ್ತು ವರ್ಷಗಳಿಂದ ಶಿವಮೊಗ್ಗದಲ್ಲಿ ಗಾಡಿಗಳ ವಿದ್ಯುತ್ ಕೆಲಸ ಮಾಡುತ್ತಿರುವ ನನಗೆ ಎರಡನೆಯದೇ ಹೆಚ್ಚಿನ ಆತಂಕದ ವಿಷಯವಾಗಿ ಕಾಣುತ್ತದೆ. ಆದ್ದರಿಂದ ಮುಂದಿನದನ್ನು ಓದುವ ಮೊದಲೇ ಒಂದು ಕೆಲಸ ಮಾಡಿ: ಆ 100/90 ವ್ಯಾಟಿನ ಬಲ್ಬ್‌ಗಳನ್ನು ತೆಗೆಸಿ, 60/55 ವ್ಯಾಟಿನ (ದೂರದ ಬೆಳಕಾದ ಹೈ ಬೀಮಿಗೆ 60, ಕೆಳಕ್ಕೆ ಬಾಗಿದ ಲೋ ಬೀಮಿಗೆ 55) ಸಾಮಾನ್ಯ ಎಚ್4 ಬಲ್ಬ್‌ಗಳನ್ನು, ಅಂದರೆ ಎರಡು ತಂತುಗಳ ಹ್ಯಾಲೊಜೆನ್ ಬಲ್ಬ್‌ಗಳನ್ನು, ಹಾಕಿಸಿಕೊಳ್ಳಿ. ಇದರಿಂದ ಬೆಳಕು ಇನ್ನಷ್ಟು ಕುಗ್ಗೀತೆಂಬ ಅಳುಕು ಬೇಡ. ನಿಮ್ಮ ಗಾಡಿಯ ಈಗಿನ ಸ್ಥಿತಿಯಲ್ಲಿ ಬಹುಶಃ ವ್ಯತ್ಯಾಸವೇ ಗೊತ್ತಾಗಲಿಕ್ಕಿಲ್ಲ. ಹಾಗೇಕೆಂಬುದು ಅರ್ಥವಾದರೆ ರಿಲೇಯ ವಿಷಯವೂ ತಾನಾಗಿ ಅರ್ಥವಾಗುತ್ತದೆ.

ನಿಮ್ಮ ಗಾಡಿಯಲ್ಲಿ ಕರೆಂಟು ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಹೋಗುವುದಿಲ್ಲ. ಅದು ಬಾನೆಟ್ಟಿನಿಂದ ಹಿಂದಕ್ಕೆ ಬಂದು, ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಹೊಕ್ಕು, ಅಲ್ಲಿಂದ ಕಾಲಬುಡದ ಡಿಪ್ಪರಿಗೆ ಇಳಿದು, ಮತ್ತೆ ಮುಂದಕ್ಕೆ ಹೋಗಿ, ಮಡ್‌ಗಾರ್ಡಿನ ಪಕ್ಕದ ಕನೆಕ್ಟರುಗಳನ್ನು ದಾಟಿ ಬಲ್ಬನ್ನು ಸೇರಿ, ಕೊನೆಗೆ ಬಾಡಿಯ ತಗಡಿನ ಮೂಲಕ (ಇದನ್ನೇ ಅರ್ತ್ ಎನ್ನುವುದು) ಬ್ಯಾಟರಿಗೆ ಹಿಂದಿರುಗುತ್ತದೆ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಂಬೆಗಳಲ್ಲಿ ಮನೆಗೆ ತರುವಾಗ ಒಂದೊಂದು ದಂಬೆಯ ಸಂದಿನಲ್ಲೂ ಒಂದಿಷ್ಟು ಸೋರಿ ಬಚ್ಚಲಿನ ಹಂಡೆಗೆ ಬೀಳುವುದು ಸಣ್ಣ ಧಾರೆ ಮಾತ್ರ ಎಂಬುದನ್ನು ನೀವು ಕಂಡಿರುತ್ತೀರಿ. ಇಲ್ಲಿ ಸೋರುವುದು ವೋಲ್ಟೇಜು. ಸೋರಿದ್ದು ನೆಲಕ್ಕೆ ಇಂಗದೆ ಅದೇ ಜಾಗದಲ್ಲಿ ಶಾಖವಾಗಿ ಕೂರುತ್ತದೆ ಎಂಬುದೇ ವ್ಯತ್ಯಾಸ. ನಿಮ್ಮ ಸ್ವಿಚ್ಚಿನ ಬಿಸಿ ಮತ್ತು ಸುಟ್ಟ ವಾಸನೆ ಆ ಶಾಖದ್ದೇ.

ಲೆಕ್ಕ ಹಾಕಿ ನೋಡೋಣ. 55 ವ್ಯಾಟಿನ ಎರಡು ಬಲ್ಬ್‌ಗಳು 12 ವೋಲ್ಟಿನಲ್ಲಿ ಸುಮಾರು 9.2 ಆಂಪಿಯರ್ ಎಳೆಯುತ್ತವೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ತಡೆ ಇರುವುದರಿಂದ, ಅಂತಹ ತಂತಿಯ ಐದು ಮೀಟರಿನಲ್ಲೇ ಮುಕ್ಕಾಲು ವೋಲ್ಟು ಕಳೆದುಹೋಗುತ್ತದೆ. ನಾಲ್ಕು ದಶಕದ ಮಳೆಗಾಲಗಳನ್ನು ಕಂಡ ಸ್ವಿಚ್ಚು, ಡಿಪ್ಪರ್, ಕಿಲುಬು ಹಿಡಿದ ಕನೆಕ್ಟರು, ತುಕ್ಕು ಹಿಡಿದ ಅರ್ತ್ ಬೋಲ್ಟು ಇವುಗಳ ನಷ್ಟ ಅದರ ಮೇಲೆ ಸೇರುತ್ತದೆ. ನಿಮ್ಮದೇ ಮಾದರಿಯ ಒಂದು ಗಾಡಿಯಲ್ಲಿ ನಾನು ಅಳೆದಾಗ ಬ್ಯಾಟರಿಯ ಮೇಲೆ 13.2 ವೋಲ್ಟ್ ಇತ್ತು, ಬಲ್ಬಿನ ಬುಡದಲ್ಲಿ ಇದ್ದದ್ದು 10.9 ಮಾತ್ರ. ಕಳೆದುಹೋದ 2.3 ವೋಲ್ಟು ಕೇಳಲು ಸಣ್ಣದೆನ್ನಿಸಬಹುದು. ಆದರೆ ತಂತು ಇರುವ ಬಲ್ಬಿನ ಬೆಳಕು ವೋಲ್ಟೇಜಿಗೆ ಸಮನಾಗಿ ಇಳಿಯುವುದಿಲ್ಲ, ಸರಿಸುಮಾರು ಅದರ 3.4ನೇ ಘಾತದಲ್ಲಿ ಇಳಿಯುತ್ತದೆ. ಹಾಗಾಗಿ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಹೋಗುತ್ತದೆ. ಆ ಗಾಡಿಯಲ್ಲಿ ಉಳಿದದ್ದು ಅರ್ಧ ಬೆಳಕು. ತಂತು ಸಾಕಷ್ಟು ಕಾಯದಿರುವುದರಿಂದಲೇ ಬಣ್ಣವೂ ಹಳದಿಗೆ ತಿರುಗುತ್ತದೆ.

ಅದೇ ದಾರಿಯಲ್ಲಿ ಈಗ 90 ವ್ಯಾಟಿನ ಎರಡು ಬಲ್ಬ್‌ಗಳನ್ನು ಉರಿಸಿ ಎಂದರೆ ಬೇಡಿಕೆ 15 ಆಂಪಿಯರಿಗೆ ಏರುತ್ತದೆ. ಕರೆಂಟು ಹೆಚ್ಚಿದಷ್ಟೂ ದಾರಿಯ ನಷ್ಟ ಹೆಚ್ಚುತ್ತದೆ, ಮತ್ತು ದಾರಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೊದಲು ಇಡೀ ದಾರಿಯಲ್ಲಿ 21 ವ್ಯಾಟಿನಷ್ಟಿದ್ದ ಶಾಖ ಈಗ 50 ವ್ಯಾಟಿನ ಆಸುಪಾಸಿಗೆ ಬರುತ್ತದೆ. ವೋಲ್ಟೇಜು ಕುಸಿದಂತೆ ಕರೆಂಟೂ ಸ್ವಲ್ಪ ಇಳಿಯುವುದರಿಂದ ಇದು ಸ್ಥೂಲ ಲೆಕ್ಕ, ಆದರೂ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸವನ್ನು ಕರಗಿಸುತ್ತದೆ ಎಂಬುದನ್ನು ನೆನೆದರೆ ಸಾಕು. ಹೆಚ್ಚು ವ್ಯಾಟಿಗೆ ನೀವು ಕೊಟ್ಟ ಹಣವೆಲ್ಲ ರಸ್ತೆಯ ಮೇಲೆ ಬೀಳದೆ ಸ್ವಿಚ್ಚಿನೊಳಗೆ ಉರಿಯುತ್ತಿದೆ. ಇಷ್ಟರ ಮೇಲೆ, ಆ ಪೀಳಿಗೆಯ ಬ್ರಿಟಿಷ್ ಮೂಲದ ಅನೇಕ ಕಾರುಗಳಲ್ಲಿ ಹೆಡ್‌ಲೈಟಿನ ದಾರಿಗೆ ಫ್ಯೂಸೇ ಇರುವುದಿಲ್ಲ. ತಂತಿ ಕಾದು ಹೊದಿಕೆ ಕರಗಿ ಬಾಡಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ.

ಇನ್ನು ರಿಲೇ. ನಿಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಹಸಿರು ಗುಂಡಿ ಒತ್ತಿದಾಗ ಮೋಟಾರಿನ ಕರೆಂಟು ನಿಮ್ಮ ಬೆರಳಿನಡಿ ಹರಿಯುವುದಿಲ್ಲ. ಗುಂಡಿ ಒಂದು ಸಣ್ಣ ಕಾಯಿಲ್‌ಗೆ ಮಾತ್ರ ಕರೆಂಟು ಕೊಡುತ್ತದೆ, ಆ ಕಾಯಿಲ್ ದಪ್ಪ ಕಾಂಟ್ಯಾಕ್ಟನ್ನು ಎಳೆದು ಕೂಡಿಸುತ್ತದೆ. ಕಾರಿನ ರಿಲೇಯಲ್ಲಿ 85 ಮತ್ತು 86 ಎಂದು ಗುರುತಿರುವ ಕಾಲುಗಳು ಕಾಯಿಲ್‌ನವು, 30 ಎಂಬುದು ಬ್ಯಾಟರಿಯ ಕಡೆಯದು, 87 ಎಂಬುದು ದೀಪದ ಕಡೆಯದು. ಕಾಯಿಲ್ ಎಳೆಯುವುದು 0.15ರಿಂದ 0.2 ಆಂಪಿಯರ್ ಮಾತ್ರ. ಒಂಬತ್ತು ಆಂಪಿಯರ್ ಹೊರುತ್ತಿದ್ದ ಸ್ವಿಚ್ಚಿಗೆ ಇದು ಹೂವೆತ್ತಿದಷ್ಟೇ ಹಗುರ. ದೀಪಕ್ಕೆ ಬೇಕಾದ ಕರೆಂಟು ದಪ್ಪ ತಂತಿಯಲ್ಲಿ, ಬಾನೆಟ್ಟಿನೊಳಗೇ, ಹತ್ತಿರದ ದಾರಿಯಲ್ಲಿ ಹೋಗುತ್ತದೆ.

ಹೀಗಿರುವಾಗ ರಿಲೇ ಬೆಳಕನ್ನು ದುಪ್ಪಟ್ಟು ಮಾಡುತ್ತದೆ ಎಂಬ ಮಾತು ನಿಜವೂ ಹೌದು, ಸುಳ್ಳೂ ಹೌದು. ರಿಲೇ ಬೆಳಕನ್ನು ಹುಟ್ಟಿಸುವುದಿಲ್ಲ, ದಾರಿಯಲ್ಲಿ ಕಳೆದದ್ದನ್ನು ಉಳಿಸಿಕೊಡುತ್ತದೆ. ಅರ್ಧ ಕಳೆದುಕೊಂಡ ಗಾಡಿಯಲ್ಲಿ ಅದು ದುಪ್ಪಟ್ಟಾಗಿ ಕಾಣುತ್ತದೆ, ಏನೂ ಕಳೆದುಕೊಳ್ಳದ ಗಾಡಿಯಲ್ಲಿ ಏನೂ ಕಾಣುವುದಿಲ್ಲ, ರಿಫ್ಲೆಕ್ಟರಿನ ಬೆಳ್ಳಿಯೇ ಕಪ್ಪಾಗಿರುವ ಗಾಡಿಯಲ್ಲಿ ಹತ್ತು ರಿಲೇ ಹಾಕಿದರೂ ಪ್ರಯೋಜನವಿಲ್ಲ. ಬ್ಯಾಟರಿಯನ್ನು ತಿನ್ನುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಲ್ಬು ತನ್ನ ಪೂರ್ಣ ವೋಲ್ಟೇಜಿನಲ್ಲಿ ಉರಿಯುವುದರಿಂದ ಒಂದಿಷ್ಟು ಹೆಚ್ಚು ಕರೆಂಟು ಎಳೆಯುವುದು ನಿಜ, ಆದರೆ ಅದು ಬಲ್ಬಿನ ಮೇಲೆ ಬರೆದಿರುವ ವ್ಯಾಟಿಗೆ ತಕ್ಕದ್ದೇ ಹೊರತು ರಿಲೇಯ ಹಸಿವಲ್ಲ. ಮೂಲ ವೈರಿಂಗ್ ಕೆಡುತ್ತದೆ ಎಂಬ ಎರಡನೆಯ ಮೆಕ್ಯಾನಿಕ್‌ರ ಆತಂಕವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅವಸರದಲ್ಲಿ ಮೂಲ ತಂತಿಗಳನ್ನು ಕತ್ತರಿಸಿ, ತಿರುಚಿ, ಟೇಪು ಸುತ್ತಿ ಬಿಟ್ಟ ರಿಲೇ ಕೆಲಸಗಳನ್ನು ನಾನು ಬಿಚ್ಚಿದ್ದಕ್ಕೆ ಲೆಕ್ಕವಿಲ್ಲ. ಅದು ಕೈಯ ದೋಷ, ಅದಕ್ಕೆ ಪರಿಹಾರವಿದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಅಳೆಯಿಸಿ. ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನನ್ನು ಸ್ವಲ್ಪ ವೇಗವಾಗಿ ಓಡಿಸುತ್ತ, ದೀಪ ಹಚ್ಚಿ, ಬ್ಯಾಟರಿಯ ಎರಡು ಕಂಬಗಳ ನಡುವೆ ಒಮ್ಮೆ, ಬಲ್ಬಿನ ಹೋಲ್ಡರ್ ಬುಡದಲ್ಲಿ ಒಮ್ಮೆ ವೋಲ್ಟೇಜು ನೋಡಿ. ಹೋಲ್ಡರ್ ಬಲ್ಬಿಗೆ ಸಿಕ್ಕಿಸಿಯೇ ಇರಬೇಕು, ದೀಪ ಉರಿಯುತ್ತಿರಬೇಕು. ಬಿಚ್ಚಿದ ಹೋಲ್ಡರಿನಲ್ಲಿ ಅಳೆದರೆ ಕರೆಂಟು ಹರಿಯದೆ ನಷ್ಟವೇ ಕಾಣುವುದಿಲ್ಲ, ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ರಿಲೇಯಿಂದ ಹೆಚ್ಚೇನೂ ದಕ್ಕದು. ಒಂದು ವೋಲ್ಟು ಮೀರಿದ್ದರೆ ಕೆಲಸ ಮಾಡಿಸುವುದು ಸಾರ್ಥಕ. ಅನಂತರ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೂ ಇನ್ನೊಂದನ್ನು ಹೋಲ್ಡರಿನ ಅರ್ತ್ ಪಿನ್ನಿಗೂ ಇಟ್ಟು ನೋಡಿ. ಅಲ್ಲಿ ಕಾಣುವ ವೋಲ್ಟೇಜೆಲ್ಲ ಅರ್ತ್ ದಾರಿಯ ನಷ್ಟ. ನಾನು ಮೇಲೆ ಹೇಳಿದ ಗಾಡಿಯಲ್ಲಿ 2.3 ವೋಲ್ಟಿನ ಪೈಕಿ 0.9 ವೋಲ್ಟು ಅರ್ತ್ ಕಡೆಯಲ್ಲೇ ಹೋಗುತ್ತಿತ್ತು. ರಿಲೇ ಆ ನಷ್ಟವನ್ನು ಮುಟ್ಟುವುದೇ ಇಲ್ಲ. ನಮ್ಮ ಮಲೆನಾಡಿನಲ್ಲಿ, ಅದರಲ್ಲೂ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಓಡಾಡುವ ಗಾಡಿಗಳಲ್ಲಿ, ಅರ್ತ್ ಬೋಲ್ಟಿನ ಕೆಳಗಿನ ತಗಡು ಕೆಂಪಾಗಿ ಪುಡಿಯಾಗಿರುವುದೇ ಸಾಮಾನ್ಯ. ಆ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಹೊಸ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ) ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ಹೋಗುವ ಪಟ್ಟಿಗಳನ್ನೂ ಬಿಡಬೇಡಿ.

ಈಗ ನಿಮ್ಮ ಆಗುಂಬೆಯ ಘಟನೆಗೆ ಬರುತ್ತೇನೆ. ಕಾಲಿನ ಡಿಪ್ಪರ್ ಇರುವ ಜಾಗವೇ ಅದರ ಶತ್ರು. ಕಾರ್ಪೆಟ್ಟಿನಡಿ, ಒದ್ದೆ ಚಪ್ಪಲಿಯ ಕೆಸರು ನೀರು ಇಳಿಯುವಲ್ಲೇ ಅದು ಕುಳಿತಿರುತ್ತದೆ. ಹೈ ಬೀಮಿನಿಂದ ಲೋ ಬೀಮಿಗೆ ದಾಟುವಾಗ ಒಳಗಿನ ಪಟ್ಟಿ ಅರ್ಧದಲ್ಲಿ ನಿಂತರೆ ಎರಡೂ ಕಡೆಗೆ ಸಂಪರ್ಕ ತಪ್ಪುತ್ತದೆ. ಸಾಮಾನ್ಯವಾಗಿ ಮಾಡುವಂತೆ ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ ಹಾಕಿ, ಎರಡಕ್ಕೂ ಡಿಪ್ಪರಿನಿಂದಲೇ ಸೂಚನೆ ಕೊಟ್ಟರೆ ಬೆಳಕು ಚೆನ್ನಾಗುತ್ತದೆ, ಆದರೆ ಡಿಪ್ಪರ್ ಕೈಕೊಟ್ಟ ದಿನ ಮತ್ತೆ ಕತ್ತಲೆಯೇ. ಆದ್ದರಿಂದ ಡಿಪ್ಪರನ್ನು ಹೊಸದಾಗಿ ಬದಲಿಸುವುದು ಮೊದಲ ಮಾತು. ಅದರ ಜೊತೆಗೆ, ಘಾಟಿಯಲ್ಲಿ ಓಡಾಡುವವರಿಗೆ ನಾನು ಬೇರೆ ಕ್ರಮದಲ್ಲಿ ಜೋಡಿಸಿಕೊಡುತ್ತೇನೆ. ಮೊದಲನೆಯ ರಿಲೇಗೆ ಸೂಚನೆ ಡಿಪ್ಪರಿಗಿಂತ ಮುಂಚಿನ, ಅಂದರೆ ಲೈಟ್ ಸ್ವಿಚ್ಚಿನಿಂದ ಡಿಪ್ಪರಿಗೆ ಬರುವ ತಂತಿಯಿಂದ ಸಿಗುತ್ತದೆ. ಬ್ರಿಟಿಷ್ ಪದ್ಧತಿಯ ವೈರಿಂಗಿನಲ್ಲಿ ಇದು ಪೂರ್ತಿ ನೀಲಿ ತಂತಿ. ಅದರ 87ರಿಂದ ಹೊರಡುವ ಕರೆಂಟು ಎರಡನೆಯ ರಿಲೇಯ 30ನ್ನು ಸೇರುತ್ತದೆ. ಈ ಎರಡನೆಯದು ಐದು ಕಾಲಿನದು. ಕಾಯಿಲ್‌ಗೆ ಕರೆಂಟಿಲ್ಲದಾಗ 87ಎ ಎಂಬ ಕಾಲಿಗೂ, ಕರೆಂಟು ಬಂದಾಗ 87ಕ್ಕೂ ಸಂಪರ್ಕ ಕೊಡುತ್ತದೆ. 87ಎಗೆ ಲೋ ಬೀಮನ್ನೂ, 87ಕ್ಕೆ ಹೈ ಬೀಮನ್ನೂ ಜೋಡಿಸಿ, ಕಾಯಿಲ್‌ಗೆ ಡಿಪ್ಪರಿನ ಹೈ ಬೀಮ್ ತಂತಿಯಿಂದ, ಅಂದರೆ ನೀಲಿಯ ಮೇಲೆ ಬಿಳಿ ಗೆರೆಯದರಿಂದ, ಸೂಚನೆ ಕೊಟ್ಟರೆ ಡಿಪ್ಪರ್ ಪೂರ್ತಿ ಸತ್ತರೂ ಲೋ ಬೀಮ್ ಉರಿಯುತ್ತಲೇ ಇರುತ್ತದೆ. ಎರಡು ತಂತುಗಳೂ ಒಟ್ಟಿಗೆ ಉರಿದು ಬಲ್ಬು ಅತಿಯಾಗಿ ಕಾಯುವ ಪ್ರಮೇಯವೂ ಇಲ್ಲಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು: ಐದು ಕಾಲಿನ ಕೆಲವು ರಿಲೇಗಳಲ್ಲಿ 87ಎ ಇರುವುದಿಲ್ಲ, ಎರಡು 87 ಇರುತ್ತವೆ. ರಿಲೇಯ ಮೈಮೇಲೆ ಅಚ್ಚಾಗಿರುವ ನಕ್ಷೆಯನ್ನು ಓದಿಯೇ ಕೊಳ್ಳಿ.

ಈ ಕ್ರಮಕ್ಕೂ ಒಂದು ಕೊರತೆಯಿದೆ. ಎಲ್ಲ ಕರೆಂಟೂ ಮೊದಲನೆಯ ರಿಲೇಯನ್ನು ದಾಟಬೇಕಾದ್ದರಿಂದ ಅದೊಂದು ಸತ್ತರೆ ಎಲ್ಲವೂ ಆರುತ್ತದೆ. ಅದಕ್ಕಾಗಿ ಎರಡು ವ್ಯವಸ್ಥೆ ಇಟ್ಟುಕೊಳ್ಳಬೇಕು. ಎರಡೂ ರಿಲೇಗಳು ಒಂದೇ ಮಾದರಿಯವಾಗಿರಲಿ, ಮೂರನೆಯದೊಂದು ಗಾಡಿಯಲ್ಲೇ ಇರಲಿ, ಸಾಕೆಟ್ಟಿನಿಂದ ಕಿತ್ತು ಬದಲಿಸಲು ಒಂದು ನಿಮಿಷ ಸಾಕು. ಎರಡನೆಯದಾಗಿ, ಮೂಲ ತಂತಿಗಳನ್ನು ಎಲ್ಲಿಯೂ ಕತ್ತರಿಸದೆ, ಹಳೆಯ ಹೆಡ್‌ಲೈಟ್ ಹೋಲ್ಡರನ್ನು ಹಾಗೆಯೇ ಉಳಿಸಿ, ಅದರ ಹೈ ಬೀಮ್ ಪಿನ್ನಿಗೆ ಸಿಕ್ಕುವಂತೆ ಲಗ್ ಹಾಕಿ ಎರಡನೆಯ ರಿಲೇಯ ಸೂಚನೆಯನ್ನೂ, ನೀಲಿ ತಂತಿ ಡಿಪ್ಪರನ್ನು ಸೇರುವ ಟರ್ಮಿನಲ್‌ನಿಂದ ಮೊದಲನೆಯದರ ಸೂಚನೆಯನ್ನೂ ಪಡೆಯಬೇಕು. ಹೊಸ ವ್ಯವಸ್ಥೆ ಏನೇ ಆದರೂ ಹಳೆಯ ಹೋಲ್ಡರನ್ನು ಬಲ್ಬಿಗೆ ಸಿಕ್ಕಿಸಿ ಮನೆ ಸೇರಬಹುದು. 60/55ರ ಬಲ್ಬಾದರೆ ಹಳೆಯ ದಾರಿ ಅಷ್ಟು ದೂರಕ್ಕೆ ತಡೆಯುತ್ತದೆ. ತಂದೆಯವರ ಗಾಡಿಯ ಮೂಲ ವೈರಿಂಗೂ ಹಾಗೆಯೇ ಉಳಿಯುತ್ತದೆ.

ಕರೆಂಟನ್ನು ಎಲ್ಲಿಂದ ತೆಗೆಯಬೇಕೆಂಬುದರಲ್ಲಿ ಅನೇಕರು ಎಡವುತ್ತಾರೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಅದರ ದಪ್ಪ ತಂತಿಯಿಂದಲೋ ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿನಿಂದಲೋ ತೆಗೆಯುವುದು ಸರಿ. ನಿಮ್ಮದು ಡೈನಮೋ ಗಾಡಿ. ಅದರ ರೆಗ್ಯುಲೇಟರ್ ಪೆಟ್ಟಿಗೆಯಲ್ಲಿ ಎ ಮತ್ತು ಎ1 ಎಂಬ ಎರಡು ಟರ್ಮಿನಲ್‌ಗಳಿದ್ದರೆ, ಎ ಬ್ಯಾಟರಿಯ ಕಡೆಯದು, ಎ1 ಗಾಡಿಯ ಖರ್ಚಿನ ಕಡೆಯದು. ದೀಪದ ತಂತಿಯನ್ನು ಎ1ರಿಂದಲೇ ತೆಗೆಯಬೇಕು. ನೇರ ಬ್ಯಾಟರಿಯಿಂದ ತೆಗೆದರೆ ದೀಪಕ್ಕೆ ಹೋಗುವ ಕರೆಂಟನ್ನೂ ರೆಗ್ಯುಲೇಟರು ಬ್ಯಾಟರಿ ಚಾರ್ಜೆಂದೇ ಎಣಿಸುತ್ತದೆ, ಅಮ್ಮೀಟರ್ ಇರುವ ಗಾಡಿಯಲ್ಲಿ ಮುಳ್ಳೂ ಸುಳ್ಳು ಹೇಳುತ್ತದೆ. ಅಲ್ಲಿಂದ 4 ಚದರ ಮಿಲಿಮೀಟರಿನ ತಂತಿ, ಹೊರಟಲ್ಲೇ 25 ಆಂಪಿಯರಿನ ಒಂದು ಫ್ಯೂಸು, ರಿಲೇಯಿಂದ ಮುಂದೆ 2.5 ಚದರ ಮಿಲಿಮೀಟರಿನ ತಂತಿ, ಮತ್ತು ಎಡ ಲೋ, ಬಲ ಲೋ, ಎಡ ಹೈ, ಬಲ ಹೈ ಎಂದು ನಾಲ್ಕಕ್ಕೂ ಪ್ರತ್ಯೇಕ 10 ಆಂಪಿಯರ್ ಫ್ಯೂಸು. ನಾಲ್ಕು ಫ್ಯೂಸು ಅತಿಯಾಯಿತು ಎನ್ನುವವರಿದ್ದಾರೆ. ಹುಲಿಕಲ್ ಘಾಟಿಯಲ್ಲಿ ಕತ್ತಲಾದ ಒಂದು ಗಾಡಿಯನ್ನು ನಾನು ಬಿಚ್ಚಿದಾಗ ಕಂಡದ್ದು, ಎರಡು ದೀಪಕ್ಕೂ ಸೇರಿ ಒಂದೇ ಫ್ಯೂಸು, ಇಲಿ ಕಡಿದ ಒಂದೇ ತಂತಿ. ಎಡದ ತಂತಿ ಬಾಡಿಗೆ ತಾಗಿ ಬಲದ ದೀಪವನ್ನೂ ಕರೆದುಕೊಂಡು ಹೋಗಿತ್ತು. ಅದೇ ಗಾಡಿಯ ರಿಲೇಯನ್ನು ಕಾಲುಗಳು ಮೇಲಾಗುವಂತೆ ಕೂರಿಸಿದ್ದರಿಂದ ಅದರೊಳಗೆ ನೀರು ತುಂಬಿತ್ತು. ರಿಲೇಯ ಕಾಲುಗಳು ಕೆಳಮುಖವಾಗಿರಬೇಕು, ತಂತಿ ಒಮ್ಮೆ ಕೆಳಕ್ಕೆ ಬಾಗಿ ಮೇಲೇರಬೇಕು, ಆಗ ಹನಿ ಬಾಗಿದಲ್ಲೇ ಉದುರುತ್ತದೆ. ಬ್ಯಾಟರಿಯ ಮೇಲ್ಗಡೆ ಆಸಿಡ್ ಹಬೆ ತಾಗುವಲ್ಲಿ ಕೂರಿಸಬೇಡಿ. ಬ್ಯಾಟರಿಯ ಯಾವ ಕಂಬ ಬಾಡಿಗೆ ಜೋಡಿಸಿದೆ ಎಂಬುದನ್ನೂ ಮೊದಲೇ ನೋಡಿಸಿ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದುಂಟು, ಒಳಗೆ ಡಯೋಡ್ ಇರುವ ರಿಲೇ ತಿರುಗಾಮುರುಗಾ ಆದರೆ ಸುಟ್ಟುಹೋಗುತ್ತದೆ. ಡಯೋಡ್ ಇಲ್ಲದ ಸಾದಾ ರಿಲೇಗೆ ಆ ಭೇದವಿಲ್ಲ.

ರಿಲೇ ಹಾಕಿದ ಮೇಲೆ 100/90 ಬಲ್ಬನ್ನು ಮತ್ತೆ ಹಾಕಬಹುದಲ್ಲವೇ ಎಂದು ನೀವು ಕೇಳಬಹುದು. ತಂತಿ ತಡೆದೀತು, ಡೈನಮೋ ತಡೆಯದು. ಆ ಕಾಲದ ಡೈನಮೋಗಳು ಕೊಡುವುದು 22 ಆಂಪಿಯರಿನ ಆಸುಪಾಸು, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. ಮಳೆಯ ರಾತ್ರಿಯಲ್ಲಿ ಇಗ್ನಿಷನ್, ವೈಪರ್, ಹಿಂದಿನ ದೀಪಗಳಿಗೆ ಏಳೆಂಟು ಆಂಪಿಯರ್ ಹೋದರೆ 60/55ರ ಬಲ್ಬಿಗೆ ಉಳಿದದ್ದು ಸಾಕಾಗುತ್ತದೆ, 100 ವ್ಯಾಟಿನ ಜೋಡಿಗೆ ಬೇಕಾದ 16.7 ಆಂಪಿಯರಿಗೆ ಸಾಲುವುದಿಲ್ಲ. ಎದುರಿನ ಬಸ್ಸಿಗೆ ದಾರಿ ಕೊಟ್ಟು ತಿರುವಿನಲ್ಲಿ ನಿಂತಾಗ ಡೈನಮೋ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ, ಎಲ್ಲವೂ ಬ್ಯಾಟರಿಯಿಂದಲೇ ಹೋಗುತ್ತದೆ. ಬ್ಯಾಟರಿ ಇಳಿಯುತ್ತದೆ ಎಂಬ ಮಾತು ಹುಟ್ಟಿರುವುದು ಬಹುಶಃ ಇಂತಹ ಗಾಡಿಗಳಿಂದಲೇ, ಆದರೆ ತಪ್ಪು ಹೊತ್ತದ್ದು ರಿಲೇ.

ಮಗನ ಸಲಹೆಯಲ್ಲಿ ಒಂದು ಒಳ್ಳೆಯ ಅಂಶವಿದೆ: ಎಲ್‌ಇಡಿಗೆ ಕರೆಂಟು ಕಡಿಮೆ ಸಾಕು. ಆದರೆ ಎಚ್4 ರಿಫ್ಲೆಕ್ಟರು ಮತ್ತು ಗಾಜು ರೂಪುಗೊಂಡಿರುವುದು ಒಂದು ಸಣ್ಣ ತಂತು ಒಂದು ನಿಗದಿತ ಬಿಂದುವಿನಲ್ಲಿ ಉರಿಯುತ್ತದೆ ಎಂಬ ಲೆಕ್ಕದಲ್ಲಿ. ಅಲ್ಲಿಗೆ ಬೇರೆ ಆಕಾರದ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆದುರುತ್ತದೆ. ಬಾನೆಟ್ಟಿನ ಮುಂದೆ ಬೆಳ್ಳಗೆ ಕಾಣುತ್ತದೆ, ನೂರು ಅಡಿ ಆಚೆ ಏನೂ ಇರುವುದಿಲ್ಲ, ಮಂಜಿನಲ್ಲಂತೂ ಚೆದುರಿದ ಬೆಳಕು ಬಿಳಿ ಗೋಡೆಯಾಗಿ ಕಣ್ಣಿಗೇ ಹಿಂದಿರುಗುತ್ತದೆ. ಎದುರಿನವರ ಕಣ್ಣು ಕುಕ್ಕದಂತೆ ಬೀಮು ಕೆಳಕ್ಕೆ ಬಾಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989 ಕೂಡ ಹೇಳುತ್ತದೆ. ನಿಮ್ಮ ಗಾಡಿಗೆ ಇದನ್ನು ನಾನು ಒಪ್ಪಲಾರೆ.

ಎದುರಿನವರು ಬೈಯುವುದಕ್ಕೆ ಕಾರಣ ಈಗಿನ ರಿಫ್ಲೆಕ್ಟರೇ ಇರಬಹುದು. ಏಳು ಇಂಚಿನ ಗಾಜುಗಳಲ್ಲಿ ರಸ್ತೆಯ ಬಲಗಡೆ ಓಡಿಸುವ ದೇಶಗಳಿಗೆಂದು ಮಾಡಿದವೂ ಮಾರಾಟಕ್ಕಿವೆ. ಅವುಗಳ ಲೋ ಬೀಮು ಬಲಕ್ಕೆ ಏರುತ್ತದೆ, ಅಂದರೆ ನಮ್ಮಲ್ಲಿ ಎದುರಿನವರ ಮುಖಕ್ಕೇ ಹೊಡೆಯುತ್ತದೆ. ನಿಮ್ಮ ಅಡಿಕೆ ಗೋದಾಮಿನ ಗೋಡೆಯಿಂದ ಏಳೂವರೆ ಮೀಟರ್ ದೂರದಲ್ಲಿ, ಸಮತಟ್ಟಾದ ಅಂಗಳದಲ್ಲಿ, ಟೈರಿನ ಗಾಳಿ ಸರಿಮಾಡಿ ಗಾಡಿ ನಿಲ್ಲಿಸಿ ಲೋ ಬೀಮ್ ಹಚ್ಚಿ ನೋಡಿ. ಬೆಳಕಿನ ಮೇಲಂಚು ಎಡಕ್ಕೆ ಏರಿದ್ದರೆ ಗಾಜು ನಮ್ಮದು, ಬಲಕ್ಕೆ ಏರಿದ್ದರೆ ಬದಲಿಸಲೇಬೇಕು. ಮೇಲಂಚಿನ ಸಮತಲ ಭಾಗ ದೀಪದ ನಡುಮಧ್ಯದ ಎತ್ತರಕ್ಕಿಂತ ಏಳೆಂಟು ಸೆಂಟಿಮೀಟರ್ ಕೆಳಗೆ ಬೀಳುವಂತೆ ರಿಮ್ಮಿನೊಳಗಿನ ತಿರುಪುಗಳನ್ನು ಹೊಂದಿಸಿ. ಈ ಹೊಂದಾಣಿಕೆಯನ್ನು ರಿಲೇ ಹಾಕಿದ ಮೇಲೆ, ನೀವು ಸಾಮಾನ್ಯವಾಗಿ ಒಯ್ಯುವಷ್ಟು ಜನ ಮತ್ತು ಭಾರ ಗಾಡಿಯಲ್ಲಿರುವಾಗಲೇ ಮಾಡಿಸಿ. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ ಇಟ್ಟರೆ ಹಿಂದಿನ ಪಟ್ಟಾ ಕುಸಿದು ಮೂತಿ ಏಳುತ್ತದೆ, ಖಾಲಿ ಗಾಡಿಯಲ್ಲಿ ಹೊಂದಿಸಿದ ಬೀಮು ಆಗ ಮರದ ತುದಿಗೆ ಹೋಗುತ್ತದೆ.